ಗ್ರಹಚಾರ ಬಿಡಿಸುವ ಮಾತು

(ಭದ್ರಾವತಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಪದ್ಯ ಓದು ಅಂತ ನನ್ನನ್ನು ಕರೆದಿದ್ದೀರಿ. ಇವತ್ತು ಪದ್ಯ ಬೇಡ, ಲೆಕ್ಕ ಹೇಳ್ತೀನಿ. ನಾನು ಬಿ.ಎ. ಓದಿದವನು, ಲೆಕ್ಕದಲ್ಲಿ ಹಿಂದೆ. ಆದರೆ ಈ ಲೆಕ್ಕಕ್ಕೆ ಹತ್ತು ಬೆರಳು ಸಾಕು. ಯಾಕೆ ಅಂದರೆ ಇದು ನವಗ್ರಹದ ಲೆಕ್ಕ. ಒಂಬತ್ತು ಬೆರಳು ಗ್ರಹಕ್ಕೆ, ಉಳಿದ ಒಂದು ಬೆರಳು ಪ್ರಶ್ನೆ ಕೇಳೋಕೆ.

ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಹೊಸ ಬಡಾವಣೆ ಎದ್ದರೆ ಗುಡಿ ಏಳುತ್ತೆ. ಗುಡಿ ಎದ್ದರೆ ಮೂಲೆಯಲ್ಲಿ ಒಂದು ಕಟ್ಟೆ. ಕಟ್ಟೆ ಮೇಲೆ ಈ ಒಂಬತ್ತು ಜನ. ಮಧ್ಯೆ ಸೂರ್ಯ, ಸುತ್ತ ಉಳಿದವರು. ಒಬ್ಬರ ಮುಖ ಒಬ್ಬರು ನೋಡದ ಹಾಗೆ ನಿಲ್ಲಿಸಿರ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ನಮ್ಮ ಹಳ್ಳಿಗಳ ನೆನಪಾಗುತ್ತೆ. ಒಂದೇ ಊರು, ಒಬ್ಬರ ಮುಖ ಒಬ್ಬರು ನೋಡೋ ಹಾಗಿಲ್ಲ.

ಇದು ಬರೀ ಹೋಲಿಕೆ ಅಂದುಕೊಳ್ಳಬೇಡಿ. ಆ ಒಂಬತ್ತು ಕಲ್ಲುಗಳಿಗೆ ನಿಜವಾಗಿಯೂ ಜಾತಿ ಇದೆ. ವರಾಹಮಿಹಿರ ಅನ್ನೋ ಪಂಡಿತ ಆರನೇ ಶತಮಾನದಲ್ಲಿ ‘ಬೃಹಜ್ಜಾತಕ’ ಅಂತ ಒಂದು ಪುಸ್ತಕ ಬರೆದ. ಜ್ಯೋತಿಷ್ಯ ಹೇಳೋರಿಗೆ ಇವತ್ತಿಗೂ ಅದು ದೊಡ್ಡ ಆಧಾರ. ಅದರಲ್ಲಿ ಗ್ರಹಗಳಿಗೆ ವರ್ಣ ಹಂಚಿದ್ದಾನೆ. ಗುರು, ಶುಕ್ರ ಬ್ರಾಹ್ಮಣರು. ರವಿ, ಕುಜ ಕ್ಷತ್ರಿಯರು. ಚಂದ್ರ ವೈಶ್ಯ. ಬುಧ ಶೂದ್ರ. ಶನಿ? ಶನಿ ಅಂತ್ಯಜರ ಒಡೆಯ. ಅಂತ್ಯಜ ಅಂದರೆ ಯಾರು ಅಂತ ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಂದರೆ ಮನುಸ್ಮೃತಿ ಓದೋಕೆ ನೆಲವನ್ನೇ ನೋಡಬೇಕಾಗಿಲ್ಲ. ತಲೆ ಎತ್ತಿದರೆ ಆಕಾಶದಲ್ಲೂ ಅದೇ ಬರೆದಿಟ್ಟಿದ್ದಾರೆ. ಅಲ್ಲೂ ಅಗ್ರಹಾರ ಇದೆ, ಅಲ್ಲೂ ಕೇರಿ ಇದೆ.

ಇನ್ನೊಂದು ಕೇಳಿ. ಗುರು ಗ್ರಹ ಇರೋ ರಾಶಿಗೆ ರಾಹು ಬಂದು ಕೂತರೆ ಅದಕ್ಕೆ ಜೋಯಿಸರು ಇಟ್ಟಿರೋ ಹೆಸರು ‘ಗುರು ಚಾಂಡಾಲ ಯೋಗ’. 2023ರಲ್ಲಿ ಆರು ತಿಂಗಳು ಗುರು, ರಾಹು ಇಬ್ಬರೂ ಮೇಷದಲ್ಲಿದ್ದರು. ಬೆಳಗಿನ ಹೊತ್ತು ಟಿ.ವಿ. ಹಾಕಿದರೆ ಸಾಕು, ಚಾಂಡಾಲ ಯೋಗ, ಚಾಂಡಾಲ ಯೋಗ. ಹಾಸ್ಟೆಲಿನ ಹಾಲಿನಲ್ಲಿ ಕೂತು ಉಪ್ಪಿಟ್ಟು ತಿಂತಾ ನೋಡಿದವರು ನಿಮ್ಮಲ್ಲೂ ಇರಬಹುದು. ಬ್ರಾಹ್ಮಣ ಗ್ರಹವನ್ನ ಚಂಡಾಲ ಗ್ರಹ ಮುಟ್ಟಿತು, ಅದಕ್ಕೇ ಜಗತ್ತಿಗೆ ಕೇಡು. ಇದರ ಅರ್ಥ ಇಷ್ಟೇ ತಾನೇ? ಬೀದಿಯಲ್ಲಿ ನಿಂತು ಈ ಮಾತಾಡಿದರೆ ಕೇಸು ಆಗುತ್ತೆ. ಆಕಾಶದ ಹೆಸರಲ್ಲಿ ಆಡಿದರೆ ಅದು ಶಾಸ್ತ್ರ. ಅಸ್ಪೃಶ್ಯತೆಯನ್ನ ಸಂವಿಧಾನದ 17ನೇ ವಿಧಿ ನೆಲದ ಮೇಲೆ ರದ್ದು ಮಾಡಿತು. ಅದು ಹೋಗಿ ಪಂಚಾಂಗದಲ್ಲಿ ಕೂತಿದೆ.

ಎರಡು ಪದ ಅಕ್ಕಪಕ್ಕ ಇಟ್ಟು ನೋಡಿ. ಜಾತಿ, ಜಾತಕ. ಎರಡರ ಬೇರೂ ಒಂದೇ, ಹುಟ್ಟು ಅನ್ನೋದು. ನೀನು ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಅನ್ನೋದರ ಮೇಲೆ ನಿನ್ನ ಬೆಲೆ ಕಟ್ಟೋದು ಜಾತಿ. ಯಾವ ಗಳಿಗೆಯಲ್ಲಿ ಹುಟ್ಟಿದೆ ಅನ್ನೋದರ ಮೇಲೆ ನಿನ್ನ ಬಾಳು ಅಳೆಯೋದು ಜಾತಕ. ಹುಟ್ಟಿದ ಮೇಲೆ ನೀನು ಏನು ಓದಿದೆ, ಏನು ದುಡಿದೆ, ಯಾರಿಗಾದೆ, ಇದು ಎರಡಕ್ಕೂ ಬೇಡ. ಇಬ್ಬರೂ ಅಣ್ಣ ತಮ್ಮಂದಿರು ಕಣ್ರಪ್ಪಾ. ಒಬ್ಬನನ್ನ ಮನೆಯಿಂದ ಆಚೆ ಹಾಕಿ ಇನ್ನೊಬ್ಬನಿಗೆ ಮಣೆ ಹಾಕಿದರೆ ಏನು ಬಂತು?

ನಮ್ಮ ಹಿರೀಕರಿಗೆ ಜಾತಕ ಇರಲಿಲ್ಲ. ಬರೆದು ಕೊಡೋರು ಕೇರಿಗೆ ಕಾಲಿಡ್ತಿರಲಿಲ್ಲ. ಈ ಸಭೆಯಲ್ಲಿ ಎಷ್ಟು ಜನರ ಅಪ್ಪ ಅವ್ವಂದಿರ ಹುಟ್ಟಿದ ದಿನ ಜೂನ್ 1? ಕೈ ಎತ್ತಿ. ನೋಡಿ, ಎಷ್ಟು ಕೈ! ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಹಾಕಿದ ತಾರೀಖು ಅದು. ಪಂಚಾಂಗದ ಪ್ರಕಾರ ಜೂನ್ 1ಕ್ಕೆ ಸೂರ್ಯ ವೃಷಭದಲ್ಲಿರ್ತಾನೆ. ಹಂಗಾದ್ರೆ ನಮ್ಮ ಇಡೀ ಕೇರಿ ಎತ್ತಿನ ರಾಶಿ! ದುಡಿದದ್ದೂ ಎತ್ತಿನ ಹಾಗೇ ಬಿಡಿ. ಆದರೆ ಅದಕ್ಕೆ ಕಾರಣ ಸೂರ್ಯ ಅಲ್ಲ, ಗೌಡರ ಗದ್ದೆ.

ಈಗ ಕೈಬೆರಳಿನ ಲೆಕ್ಕಕ್ಕೆ ಬರೋಣ. ಒಂಬತ್ತರಲ್ಲಿ ಸೂರ್ಯ ಗ್ರಹ ಅಲ್ಲ, ನಕ್ಷತ್ರ. ಚಂದ್ರ ಭೂಮಿಯನ್ನ ಸುತ್ತೋ ಉಪಗ್ರಹ. ರಾಹು ಕೇತು ವಸ್ತುಗಳೇ ಅಲ್ಲ. ಆಕಾಶದಲ್ಲಿ ಸೂರ್ಯ ನಡೆಯೋ ಹಾಗೆ ಕಾಣೋ ದಾರಿ ಒಂದು, ಚಂದ್ರನ ದಾರಿ ಇನ್ನೊಂದು. ಅವೆರಡು ಒಂದನ್ನೊಂದು ದಾಟೋ ಎರಡು ಬಿಂದುಗಳೇ ರಾಹು, ಕೇತು. ಈ ಬಿಂದುಗಳು ಹಿಮ್ಮುಖವಾಗಿ ಸರಿದು ಹದಿನೆಂಟೂವರೆ ವರ್ಷ ಚಿಲ್ಲರೆಗೆ ಒಂದು ಸುತ್ತು ಬರುತ್ತವೆ. ಅಲ್ಲಿಗೆ ನಾಲ್ಕು ಹೋಯಿತು, ಉಳಿದದ್ದು ಐದು. ಕಣ್ಣಿಗೆ ಸುಲಭವಾಗಿ ಕಾಣದ ಯುರೇನಸ್ಸು 1781ರಲ್ಲಿ, ನೆಪ್ಚೂನು 1846ರಲ್ಲಿ ಸಿಕ್ಕವು. ಅವು ಸಿಗೋ ಮೊದಲು ಬರೆದ ಜಾತಕಗಳಲ್ಲಿ ಅವುಗಳ ದೋಷ ಎಲ್ಲಿ ಹೋಗಿತ್ತು?

ನವಗ್ರಹದಲ್ಲಿ ಭೂಮಿ ಇಲ್ಲ, ಗಮನಿಸಿದ್ದೀರಾ? ನಿಂತ ನೆಲವನ್ನ ಬಿಟ್ಟು ಬೇರೆಲ್ಲ ಪೂಜೆಗೆ ಬಂತು. ನಮ್ಮ ಪಾಲಿಗೂ ಭೂಮಿ ಬರಲಿಲ್ಲ. ಇದೇ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು, ಜೈಲಿಗೆ ಹೋದರು. ಉಳುವವನಿಗೆ ಹೊಲ ಅಂತ ಭೂಸುಧಾರಣೆ ಕಾನೂನು 1974ರಲ್ಲಿ ಬಲವಾಗಿ ಜಾರಿಗೆ ಬಂತು. ಗೇಣಿದಾರನಿಗೆ ಭೂಮಿ ಸಿಕ್ಕಿದ್ದು ಹೋರಾಟದಿಂದ, ಕಾನೂನಿನಿಂದ. ಕುಜನನ್ನ ಭೂಮಿಪುತ್ರ ಅಂತಾರೆ. ಅವನಿಗೆ ಎಷ್ಟು ತೊಗರಿ ದಾನ ಕೊಟ್ಟರೂ ಒಂದು ಗುಂಟೆ ಪಹಣಿ ನಿಮ್ಮ ಹೆಸರಿಗೆ ಬರಲ್ಲ.

ದಾನ ಅಂದೆನಲ್ಲ, ನವಧಾನ್ಯ ಎಣಿಸಿ. ರವಿಗೆ ಗೋಧಿ, ಚಂದ್ರನಿಗೆ ಅಕ್ಕಿ, ಕುಜನಿಗೆ ತೊಗರಿ, ಬುಧನಿಗೆ ಹೆಸರು, ಗುರುವಿಗೆ ಕಡಲೆ, ಶುಕ್ರನಿಗೆ ಅವರೆ, ಶನಿಗೆ ಎಳ್ಳು, ರಾಹುವಿಗೆ ಉದ್ದು, ಕೇತುವಿಗೆ ಹುರುಳಿ. ರಾಗಿ ಎಲ್ಲಿ? ಜೋಳ ಎಲ್ಲಿ? ನಮ್ಮನ್ನು ಸಾಕಿದ ಮುದ್ದೆಗೆ ಒಂದು ಗ್ರಹವೂ ಇಲ್ಲ. ನನಗೇನೂ ಬೇಜಾರಿಲ್ಲ. ಗ್ರಹಕ್ಕೆ ಸಿಗದೆ ಉಳಿದದ್ದಕ್ಕೇ ಅದು ನಮ್ಮ ಹೊಟ್ಟೆಗೆ ಸಿಕ್ಕಿತು!

ಈಗ ಶನಿ ಮಹಾತ್ಮನ ವಿಚಾರ. ಒಂಬತ್ತರಲ್ಲಿ ನಮ್ಮ ಜನ ಹೆಚ್ಚು ಹೆದರೋದು ಇವನಿಗೇ. ಶನಿವಾರ ಎಳ್ಳುಬತ್ತಿ, ಎಳ್ಳೆಣ್ಣೆ, ಕರಿಬಟ್ಟೆ. ಪಾವಗಡದವರೆಗೂ ಬಸ್ಸು ಹತ್ತಿ ಹೋಗಿ ಬರ್ತಾರೆ. ‘ಶನೈಶ್ಚರ’ ಅಂದರೆ ಮೆಲ್ಲಗೆ ನಡೆಯೋನು ಅಂತ ಅರ್ಥ. ಕುಂಟ ಅಂತ ಕತೆ ಕಟ್ಟಿದರು. ಅವನು ಕುಂಟ ಅಲ್ಲ, ದೂರದವನು. ಸೂರ್ಯನಿಂದ ಸುಮಾರು 140 ಕೋಟಿ ಕಿಲೋಮೀಟರ್ ಆಚೆ ಇದ್ದಾನೆ. ಅಷ್ಟು ದೊಡ್ಡ ದಾರಿ ಸುತ್ತೋಕೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗೆ ಭಾಗಿಸಿ. ಒಂದು ರಾಶಿಗೆ ಸುಮಾರು ಎರಡೂವರೆ ವರ್ಷ. ನಿಮ್ಮ ರಾಶಿ, ಅದರ ಹಿಂದಿನದು, ಮುಂದಿನದು, ಮೂರು ಸೇರಿದರೆ ಏಳೂವರೆ. ಸಾಡೇಸಾತಿ ಅಂದರೆ ಇಷ್ಟೇ, ಒಂದು ಗುಣಾಕಾರ.

ಲೆಕ್ಕ ಇನ್ನೂ ಇದೆ. ಹನ್ನೆರಡರಲ್ಲಿ ಮೂರು ರಾಶಿಗೆ ಯಾವಾಗಲೂ ಏಳೂವರೆ ಶನಿ ಇದ್ದೇ ಇರುತ್ತೆ. ಅಂದರೆ ಕಾಲು ಭಾಗ ಜನ. ಅದರ ಜೊತೆಗೆ ನಾಲ್ಕನೇ ಮನೆಯ ಅರ್ಧಾಷ್ಟಮ ಶನಿ, ಐದನೇ ಮನೆಯ ಪಂಚಮ ಶನಿ, ಎಂಟನೇ ಮನೆಯ ಅಷ್ಟಮ ಶನಿ. ಒಟ್ಟು ಆರು ರಾಶಿ. ಹನ್ನೆರಡರಲ್ಲಿ ಆರು! ನೂರು ಹುಡುಗರ ಹಾಸ್ಟೆಲಿನಲ್ಲಿ ಯಾವ ದಿನ ಬಂದು ಕೇಳಿದರೂ ಹೆಚ್ಚುಕಡಿಮೆ ಐವತ್ತು ಹುಡುಗರಿಗೆ ಶನಿ ಕಾಟ. ಇಂಥ ಅಂಗಡಿ ಎಂದಾದರೂ ಮುಚ್ಚುತ್ತಾ? ಗಿರಾಕಿ ಅರ್ಧ ಊರು, ಮಿಕ್ಕ ಅರ್ಧ ಊರು ಸರದಿಯಲ್ಲಿ ನಿಂತಿದೆ.

ಕುಜದೋಷ ಇನ್ನೂ ಘೋರ. ಲಗ್ನದಿಂದ ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೇ ಮನೆ, ಇದರಲ್ಲಿ ಕುಜ ಎಲ್ಲಿದ್ದರೂ ದೋಷ. ಹನ್ನೆರಡಕ್ಕೆ ಐದು. ನೂರು ಹೆಣ್ಣುಮಕ್ಕಳಲ್ಲಿ ನಲವತ್ತು ಮಂದಿಯ ಹಣೆಗೆ ಮಸಿ. ಮೂಲಾ ನಕ್ಷತ್ರದವಳಾದರೆ ಮಾವನಿಗೆ ಆಗಲ್ಲ ಅಂತ ಇನ್ನೊಂದು. ಗಂಡಿಗೂ ಅದೇ ಕುಜ ಇದ್ದಾನೆ. ಆದರೆ ಮದುವೆ ಮುರಿದು ಮನೆಯಲ್ಲಿ ಕೂರೋದು ಹೆಣ್ಣು. ಬಿ.ಎಡ್. ಮಾಡಿದ ನಮ್ಮ ತಂಗಿಯರನ್ನ ನೌಕರಿ ಇರೋ ನಮ್ಮ ಹುಡುಗರೇ ಜಾತಕ ಕೂಡಲಿಲ್ಲ ಅಂತ ಬಿಟ್ಟು ಬಂದದ್ದು ನಿಮಗೆ ಗೊತ್ತಿಲ್ಲವೇ? ಅಲ್ಲಯ್ಯಾ, ನಿನ್ನ ಅಪ್ಪನ ಮದುವೆಗೆ ಯಾವ ಜಾತಕ ಕೂಡಿತ್ತು? ನೀನು ಹುಟ್ಟಲಿಲ್ಲವೇ, ಓದಲಿಲ್ಲವೇ, ಕೆಲಸಕ್ಕೆ ಸೇರಲಿಲ್ಲವೇ? ಅದೇ ಕುಜನ ಸುತ್ತ 2014ರ ಸೆಪ್ಟೆಂಬರ್ 24ರಂದು ನಮ್ಮ ದೇಶದ ಮಂಗಳಯಾನ ಸುತ್ತೋಕೆ ಶುರು ಮಾಡಿತು. ಅದರ ಫೋಟೋದಲ್ಲಿ ಕಂಡದ್ದು ಕೆಂಪು ಮಣ್ಣು, ಕಲ್ಲು, ಹಳ್ಳಕೊಳ್ಳ. ಯಾರ ಗಂಡನ ಆಯುಷ್ಯವೂ ಅಲ್ಲಿ ಕಾಣಲಿಲ್ಲ.

ಶನಿಗೆ ಕರಿಬಣ್ಣ ಬಳಿದವರು ಯಾರು? ರಾತ್ರಿ ಹಾಸ್ಟೆಲಿನ ಮಾಳಿಗೆ ಹತ್ತಿ ನೋಡಿ. ಶನಿ ಕಾಣೋ ಕಾಲದಲ್ಲಿ ಅದು ಮಿನುಗದ, ತಿಳಿ ಹಳದಿ ಚುಕ್ಕಿ. ಸಣ್ಣ ದೂರದರ್ಶಕದಲ್ಲಿ ನೋಡಿದರೆ ಸುತ್ತ ಬಳೆ. ಬಳೆಯ ಗುರುತು ಗೆಲಿಲಿಯೋಗೆ 1610ರಲ್ಲೇ ಸಿಕ್ಕಿತ್ತು, ಅದು ಏನು ಅಂತ ಹೈಗೆನ್ಸ್ ಆಮೇಲೆ ಬಿಡಿಸಿ ಹೇಳಿದ. ಕ್ಯಾಸಿನಿ ಅನ್ನೋ ನೌಕೆ 2004ರಿಂದ 2017ರವರೆಗೆ ಅದನ್ನ ಸುತ್ತಿ ಚಿತ್ರ ಕಳಿಸಿತು. ಇಡೀ ಸೌರಮಂಡಲದಲ್ಲಿ ಅಷ್ಟು ಚೆಲುವ ಇನ್ನೊಬ್ಬನಿಲ್ಲ. ಅಂಥವನನ್ನ ಕಪ್ಪು ಮಾಡಿ, ಕುಂಟ ಮಾಡಿ, ಕಾಗೆ ಮೇಲೆ ಕೂರಿಸಿ, ಕಣ್ಣು ಬಿದ್ದರೆ ಕೇಡು ಅಂದರು. ಚೆನ್ನಾಗಿರೋದನ್ನ ಕೆಟ್ಟದ್ದು ಅಂತ ಹೆಸರಿಡೋ ಈ ವಿದ್ಯೆ ನಮಗೇನು ಹೊಸದೇ?

ಶನಿ ಮಹಾತ್ಮೆ ಕತೆ ನಮ್ಮ ಕೇರಿಗಳಲ್ಲೂ ರಾತ್ರಿಯೆಲ್ಲಾ ಓದಿಸ್ತಾರೆ. ವಿಕ್ರಮಾದಿತ್ಯ ರಾಜ ಶನಿಯನ್ನ ನೋಡಿ ನಕ್ಕ. ಅದಕ್ಕೆ ರಾಜ್ಯ ಹೋಯಿತು, ಕಳ್ಳ ಅನ್ನಿಸಿಕೊಂಡ, ಕೈಕಾಲು ಕಡಿಸಿಕೊಂಡ, ಗಾಣದ ಮೇಲೆ ಕೂತು ಎಣ್ಣೆ ಆಡಿಸಿದ. ಕೇಳ್ತಾ ಕೇಳ್ತಾ ನಮ್ಮ ಅವ್ವಂದಿರು ಅಳ್ತಾರೆ. ರಾಜನಿಗೇ ಬಿಡದ ಕಷ್ಟ ನಮಗೆ ಬಿಟ್ಟೀತೇ ಅಂತ ಸಮಾಧಾನ ಮಾಡಿಕೊಳ್ತಾರೆ. ನನಗೆ ಕಾಡೋದು ಬೇರೆ. ಏಳೂವರೆ ವರ್ಷ ಆದಮೇಲೆ ರಾಜನಿಗೆ ಕೈಕಾಲು ವಾಪಸ್ಸು ಬಂತು, ಸಿಂಹಾಸನ ವಾಪಸ್ಸು ಬಂತು. ಗಾಣ ಮಾತ್ರ ಅಲ್ಲೇ ಇದೆ. ರಾಜನಿಗೆ ಗಾಣದ ಕೆಲಸ ಅನ್ನೋದು ಶಾಪ. ಹುಟ್ಟಾ ಅದನ್ನೇ ಮಾಡೋನಿಗೆ ಅದು ಬಾಳು. ಅವನ ಏಳೂವರೆ ಯಾವಾಗ ಮುಗಿಯುತ್ತೆ ಅಂತ ಕತೆ ಹೇಳಲ್ಲ. ರಾಜನಿಗೆ ಸಾಡೇಸಾತಿ, ನಮಗೆ ಸಾವಿರ ವರ್ಷದ ಪಂಚಮ ಶನಿ. ಅದನ್ನ ಕೂರಿಸಿದ್ದು ಮನುಷ್ಯರು, ಇಳಿಸಬೇಕಾದವರೂ ಮನುಷ್ಯರೇ.

ಶನಿಯ ಲೋಹ ಕಬ್ಬಿಣ ಅಂತಾರೆ. ಕಬ್ಬಿಣ ಮುಟ್ಟಬೇಡ, ಶನಿವಾರ ಕೊಳ್ಳಬೇಡ ಅಂತಾರೆ. ಹಂಗಾದ್ರೆ ಈ ಭದ್ರಾವತಿಯ ಗತಿ ಏನು? ಬೆಂಕಿಪುರ ಅಂತ ಹೆಸರಿದ್ದ ಊರು ಇದು. ಮೈಸೂರು ಸರ್ಕಾರ 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಶುರು ಮಾಡಿತು. ಕೆಮ್ಮಣ್ಣುಗುಂಡಿಯಿಂದ ಅದಿರು ಬಂತು, ಮಲೆನಾಡಿನ ಸೌದೆ ಇದ್ದಿಲಾಯಿತು, ಭದ್ರೆಯ ನೀರು ಸೇರಿತು. ಶನಿವಾರ, ಭಾನುವಾರ ಅನ್ನದೆ ಕುಲುಮೆ ಉರಿಯಿತು. ಶನಿಯ ಲೋಹವನ್ನ ಹಗಲು ರಾತ್ರಿ ಮುಟ್ಟಿದವರ ಮನೆಯಲ್ಲಿ ಒಲೆ ಉರಿಯಿತು, ಮಕ್ಕಳು ಓದಿದರು. ಹಳ್ಳಿಯಲ್ಲಿ ಬಿಟ್ಟಿ ಚಾಕರಿ ಮಾಡುತ್ತಿದ್ದವರ ಮಕ್ಕಳೂ ಇಲ್ಲಿ ತಿಂಗಳಾದರೆ ಸಂಬಳ ಎಣಿಸಿದರು. ಶನಿ ಯಾರಿಗಾದರೂ ಒಲಿದಿದ್ದರೆ ಅದು ಈ ಊರಿನಲ್ಲೇ, ಎಳ್ಳುಬತ್ತಿಗಲ್ಲ, ಬೆವರಿಗೆ.

ಆಮೇಲೆ ಕಾಗದದ ಕಾರ್ಖಾನೆ ಎಂ.ಪಿ.ಎಂ. ನಿಂತುಹೋಯಿತು. ಉಕ್ಕಿನ ಕಾರ್ಖಾನೆ 1998ರಲ್ಲಿ ಸೈಲ್ ಜೊತೆ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನ ಮುಚ್ಚಬೇಕು ಅಂತ ಸೈಲ್ ಆಡಳಿತ ಮಂಡಳಿ ತೀರ್ಮಾನಿಸಿತು. ಊರಲ್ಲಿ ಜನ ಏನಂದರು? ‘ಭದ್ರಾವತಿಗೆ ಶನಿ ಹಿಡಿದಿದೆ’ ಅಂದರು. ಸ್ವಂತ ಅದಿರಿನ ಗಣಿ ಇಲ್ಲದ್ದು, ಬಂಡವಾಳ ಹಾಕದೆ ವರ್ಷಗಟ್ಟಲೆ ದೂಡಿದ್ದು, ದೆಹಲಿಯಲ್ಲಿ ಕೂತು ಫೈಲು ಹೊರಳಿಸಿದ್ದು, ಇದೆಲ್ಲ ಶನಿಯ ತಲೆಗೆ ಹೋಯಿತು. ಇದೇ ನೋಡಿ ಗ್ರಹದಿಂದ ಆಗೋ ದೊಡ್ಡ ಅಪಾಯ. ಗ್ರಹ ಏನೂ ಮಾಡಲ್ಲ. ಆದರೆ ಮಾಡಿದವನ ಹೆಸರು ಮರೆಸುತ್ತೆ. ಗುತ್ತಿಗೆ ಕಾರ್ಮಿಕರು ಮಾತ್ರ ಯಾರ ಕಡೆ ಬೆರಳು ತೋರಿಸಬೇಕು ಅಂತ ತಿಳಿದಿದ್ದರು. ಕಾರ್ಖಾನೆ ಮುಂದೆ ಧರಣಿ ಕೂತರು. ಶನಿಗೆ ಅರ್ಜಿ ಬರೆಯಲಿಲ್ಲ, ಸರ್ಕಾರಕ್ಕೆ ಬರೆದರು.

ನಮ್ಮ ಕೇರಿಯಲ್ಲಿ ನನಗೆ ದೊಡ್ಡಮ್ಮ ಆಗಬೇಕಾದವರು ಒಬ್ಬರಿದ್ದರು. ಮಗನಿಗೆ ಜ್ವರ ಬಿಡದೆ ಹೋದಾಗ ಅಷ್ಟಮ ಶನಿ ಅಂತ ಯಾರೋ ಹೇಳಿದರು. ಕಿವಿಯ ಓಲೆ ಮಾರಿ ಶಾಂತಿ ಮಾಡಿಸಿದರು. ಓಲೆ ಹೋಯಿತು. ಆಮೇಲೆ ಆಸ್ಪತ್ರೆಗೆ ಹೋದರೆ ಟೈಫಾಯ್ಡು. ಹುಡುಗ ಬದುಕಿಕೊಂಡ. ಶನಿ ಬಿಟ್ಟ ಅಂತ ದೊಡ್ಡಮ್ಮ ಕೈ ಮುಗಿದರು. ನಾನು ಅವರನ್ನ ನೋಡಿ ನಗಲ್ಲ. ನೀವೂ ನಗಬೇಡಿ. ಆಸ್ಪತ್ರೆ ದೂರ, ಡಾಕ್ಟರು ಮಾತಾಡಿಸಲ್ಲ, ಸಾಲ ಕೊಡೋರಿಲ್ಲ. ಇಂಥ ಕಡೆ ಭಯಕ್ಕೆ ಒಂದು ಹೆಸರು ಬೇಕಾಗುತ್ತೆ. ಅವ್ವಂದಿರ ಎಳ್ಳುಬತ್ತಿ ಮೇಲೆ ನನಗೆ ಸಿಟ್ಟಿಲ್ಲ. ಆ ಭಯ ಮಾರಿ ಓಲೆ ಕಿತ್ತುಕೊಂಡವನ ಮೇಲೆ ಸಿಟ್ಟು. ಓದಿದ ಮೇಲೂ ಅದೇ ಭಯವನ್ನ ಗತ್ತು ಅಂತ ಮನೆಗೆ ತರೋ ನಮ್ಮವರ ಮೇಲೆ ಇನ್ನೂ ಸಿಟ್ಟು. ನೌಕರಿ ಸಿಕ್ಕಿತು, ಸೈಟು ಬಂತು, ಮನೆ ಎದ್ದಿತು. ಅಂಬೇಡ್ಕರ್ ಫೋಟೋ ಹಾಲಿನಲ್ಲಿ, ನವಗ್ರಹ ಹೋಮ ಅದೇ ಹಾಲಿನಲ್ಲಿ! ಮೀಸಲಾತಿ ಕೊಡಿಸಿದ ಮನುಷ್ಯ ಗೋಡೆ ಮೇಲಿಂದ ನೋಡ್ತಿರಬೇಕು, ಶನಿಗೆ ಥ್ಯಾಂಕ್ಸ್ ಹೇಳೋದನ್ನ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರಿಗೆ ಬೋಧಿಸಿದ ಪ್ರತಿಜ್ಞೆಗಳಲ್ಲಿ ಬ್ರಾಹ್ಮಣರ ಕೈಯಿಂದ ಯಾವ ಕರ್ಮವನ್ನೂ ಮಾಡಿಸಲ್ಲ ಅನ್ನೋದೂ ಒಂದು.

ಇದು ಅಂಬೇಡ್ಕರ್ ಒಬ್ಬರೇ ಹೇಳಿದ್ದಲ್ಲ. ಗ್ರಹಣ, ನಕ್ಷತ್ರ ನೋಡಿ ಫಲ ಹೇಳಿ ಹೊಟ್ಟೆ ಹೊರೆಯೋದನ್ನ ಬುದ್ಧ ಕೀಳು ವಿದ್ಯೆಗಳ ಪಟ್ಟಿಯಲ್ಲಿ ಸೇರಿಸಿದ. ದೀಘನಿಕಾಯದ ಮೊದಲ ಸುತ್ತದಲ್ಲೇ ಅದಿದೆ. ಬಸವಣ್ಣ ಹನ್ನೆರಡನೇ ಶತಮಾನದಲ್ಲಿ ಲಗ್ನ, ರಾಶಿ, ತಾರಾಬಲಗಳನ್ನ ಪಕ್ಕಕ್ಕೆ ಸರಿಸಿದ. ಆರ್ಯಭಟ 499ರಲ್ಲಿ ಗ್ರಹಣ ಅಂದರೆ ನೆರಳು, ಭೂಮಿಯ ನೆರಳು, ಚಂದ್ರನ ನೆರಳು ಅಂತ ಲೆಕ್ಕ ಸಮೇತ ಬರೆದ. ಆಗ ಅವನ ವಯಸ್ಸು ಇಪ್ಪತ್ತಮೂರು. ನಿಮ್ಮ ಓರಗೆಯವನು! ಗ್ರಹಗಳಿಗೆ ಜಾತಿ ಹಂಚಿದ ವರಾಹಮಿಹಿರನಿಗೂ ಗ್ರಹಣದ ನಿಜ ಕಾರಣ ಗೊತ್ತಿತ್ತು. ಗೊತ್ತಿದ್ದೂ ಫಲ ಹೇಳಿದ. ಗೊತ್ತಿಲ್ಲದ್ದು ಅಜ್ಞಾನ. ಗೊತ್ತಿದ್ದೂ ಹೇಳೋದಕ್ಕೆ ಬೇರೆ ಹೆಸರಿದೆ.

ಮಹಾರಾಷ್ಟ್ರದಲ್ಲಿ ಗ್ರಹಣದ ಹೊತ್ತು ಮಾಂಗ ಜಾತಿಯ ಬಡವರು ಬೀದಿಯಲ್ಲಿ ಕೂಗುತ್ತಾ ದಾನ ಕೇಳೋ ಪದ್ಧತಿ ಇತ್ತು. ಸೂರ್ಯನಿಗೆ ಹಿಡಿದ ಪೀಡೆ ಹಳೇ ಬಟ್ಟೆ ಜೊತೆ ಅವರ ಜೋಳಿಗೆಗೆ ಬೀಳಬೇಕು. ನಮ್ಮಲ್ಲಿ 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನ ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತರು, ವಾಸಿಯಾಗುತ್ತೆ ಅಂತ. ಅದೇ ದಿನ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸಾವಿರಾರು ಜನ ಕಪ್ಪು ಕನ್ನಡಕ ಹಾಕಿಕೊಂಡು ಬೆಂಕಿಯ ಬಳೆ ನೋಡಿ ಸಂತೋಷಪಟ್ಟರು. ಒಂದೇ ಸೂರ್ಯ, ಒಂದೇ ನೆರಳು. ಒಂದು ಕಡೆ ಮಗುವಿನ ಕುತ್ತಿಗೆವರೆಗೆ ಮಣ್ಣು, ಇನ್ನೊಂದು ಕಡೆ ಮಗುವಿನ ಕಣ್ಣಲ್ಲಿ ಬೆರಗು. ಕರ್ನಾಟಕದ ಮೌಢ್ಯ ನಿಷೇಧ ಕಾನೂನು 2017ರಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಆದರೆ ಜ್ಯೋತಿಷ್ಯ, ವಾಸ್ತು ಅದರ ಬಲೆಗೆ ಬೀಳಲಿಲ್ಲ. ಸಣ್ಣ ಮೀನಿಗೆ ಬಲೆ, ದೊಡ್ಡ ಮೀನಿಗೆ ಟಿ.ವಿ.

ಯೂನಿವರ್ಸಿಟಿಯಲ್ಲೇ ಕಲಿಸ್ತಾರಲ್ಲ ಅಂತ ಒಬ್ಬ ಗೆಳೆಯ ಕೇಳಿದ. ಹೌದು. ಯು.ಜಿ.ಸಿ. 2001ರಲ್ಲಿ ಜ್ಯೋತಿಷ್ಯದ ಕೋರ್ಸಿಗೆ ದಾರಿ ಮಾಡಿತು. ವಿಜ್ಞಾನಿಗಳು ಕೋರ್ಟಿಗೆ ಹೋದರು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನ ತಡೆಯಲಿಲ್ಲ. ಆದರೆ ಕೋರ್ಟು ಬೇರೆ, ಪರೀಕ್ಷೆ ಬೇರೆ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಗೆಳೆಯರು ಮಹಾರಾಷ್ಟ್ರದಲ್ಲಿ ಪರೀಕ್ಷೆಯನ್ನೇ ಮಾಡಿದರು. ನೂರು ಜಾಣ ಮಕ್ಕಳ ಜಾತಕ, ನೂರು ಬುದ್ಧಿಮಾಂದ್ಯ ಮಕ್ಕಳ ಜಾತಕ ಬೆರೆಸಿ, ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತು ಕೊಟ್ಟು, ಯಾವುದು ಯಾರದು ಹೇಳಿ ಅಂದರು. ಇಪ್ಪತ್ತೇಳು ಜನ ಉತ್ತರ ಕೊಟ್ಟರು. ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೂ ಐವತ್ತು ಬರ್ತಿತ್ತು! ನಾಣ್ಯಕ್ಕೆ ದಕ್ಷಿಣೆಯೂ ಬೇಡ.

‘ನಂಬಿಕೆ ಅವರವರದು, ನಿನಗೇನು ಕಷ್ಟ?’ ಅಂತಾರೆ. ಕಷ್ಟ ಇದೆ. ಎಲ್ಲವೂ ಹಣೆಬರಹ ಅಂತ ಒಪ್ಪಿದವನಿಗೆ ಕೇರಿ ಇರೋದೂ ಹಣೆಬರಹ, ಹಾಸ್ಟೆಲಿನ ಅನ್ನದಲ್ಲಿ ಹುಳ ಇರೋದೂ ಹಣೆಬರಹ, ಸ್ಕಾಲರ್‌ಶಿಪ್ಪು ತಡವಾಗೋದೂ ಗ್ರಹಗತಿ. ಅವನು ವಾರ್ಡನ್ನನ್ನ ಕೇಳಲ್ಲ, ಗುರುಬಲ ಕೇಳ್ತಾನೆ. ಹೈದರಾಬಾದಿನಲ್ಲಿ 2016ರ ಜನವರಿ 17ರಂದು ನಮ್ಮನ್ನ ಬಿಟ್ಟುಹೋದ ರೋಹಿತ್ ವೇಮುಲ ನಕ್ಷತ್ರಗಳನ್ನ ಪ್ರೀತಿಸಿದ ಹುಡುಗ, ವಿಜ್ಞಾನ ಬರೆಯೋ ಲೇಖಕ ಆಗಬೇಕು ಅಂದುಕೊಂಡವನು. ಅವನನ್ನ ನುಂಗಿದ್ದು ಯಾವ ರಾಹುವೂ ಅಲ್ಲ. ಹುಟ್ಟನ್ನೇ ಅಳತೆಗೋಲು ಮಾಡಿಕೊಂಡ ಸಮಾಜ. ಆಕಾಶ ನಮಗೆ ಬೇಡ ಅಂತ ನಾನು ಹೇಳ್ತಿಲ್ಲ ಗೆಳೆಯರೇ. ಆಕಾಶ ನಮಗೆ ಬೇಕು, ಅವನಿಗೆ ಬೇಕಾಗಿದ್ದ ಹಾಗೆ.

ಅದಕ್ಕೇ ಮೂರು ಕೆಲಸ ಹೇಳಿ ಮುಗಿಸ್ತೀನಿ. ಒಂದು: ಮುಂದಿನ ಗ್ರಹಣದ ದಿನ ಹಾಸ್ಟೆಲಿನ ಅಡುಗೆ ನಿಲ್ಲಬಾರದು. ಗ್ರಹಣದ ಕನ್ನಡಕ ತನ್ನಿ, ಬರಿಗಣ್ಣಲ್ಲಿ ಸೂರ್ಯನನ್ನ ನೋಡಬೇಡಿ. ಮಾಳಿಗೆ ಮೇಲೆ ಕೂತು ನೋಡಿ, ನೋಡ್ತಾನೇ ಊಟ ಮಾಡಿ, ಕೇರಿಯ ಮಕ್ಕಳನ್ನೂ ಕರೆದು ತೋರಿಸಿ. ಎರಡು: ನಿಮ್ಮ ಮದುವೆಯಲ್ಲಾಗಲಿ, ಅಕ್ಕ ತಂಗಿಯರ ಮದುವೆಯಲ್ಲಾಗಲಿ ಜಾತಕ ಕೇಳಬೇಡಿ, ಕೊಡಬೇಡಿ. ಹುಡುಗಿ ಏನು ಓದಿದಾಳೆ, ಅವಳಿಗೆ ಒಪ್ಪಿಗೆ ಇದೆಯಾ, ಅದನ್ನ ಕೇಳಿ. ಮೂರು: ಮನೆಯಲ್ಲಿ ಕಾಯಿಲೆ ಬಿದ್ದರೆ ಅವ್ವನನ್ನ ಬೈಯಬೇಡಿ, ಅವಳ ಜೊತೆ ಆಸ್ಪತ್ರೆಗೆ ನಡೆಯಿರಿ. ಚೀಟಿ ಬರೆಸೋಕೆ, ಡಾಕ್ಟರ ಹತ್ತಿರ ಮಾತಾಡೋಕೆ ಓದಿದ ಮಗ, ಓದಿದ ಮಗಳು ಪಕ್ಕದಲ್ಲಿದ್ದರೆ ಅವಳ ಅರ್ಧ ಶನಿ ಅಲ್ಲೇ ಇಳಿಯುತ್ತೆ.

ನಾವು ಚಿಕ್ಕವರಿದ್ದಾಗ ತಂಟೆ ಮಾಡಿದರೆ ಅವ್ವ ಸೌದೆ ಕೈಗೆತ್ತಿಕೊಂಡು ‘ಬಾ ಇಲ್ಲಿ, ನಿನ್ನ ಗ್ರಹಚಾರ ಬಿಡಿಸ್ತೀನಿ’ ಅಂತಿದ್ದಳು. ಗ್ರಹಚಾರ ಬಿಡಿಸೋಕೆ ಅವಳಿಗೆ ಮಂತ್ರ ಬೇಕಿರಲಿಲ್ಲ, ಕೈ ಸಾಕಿತ್ತು. ನಮಗೂ ಅಷ್ಟೇ. ಕೈಯಲ್ಲಿ ಸೌದೆ ಬೇಡ, ಪುಸ್ತಕ ಇರಲಿ.

ಜೈ ಭೀಮ್.